ರಾಜನಿಗಿಂತ ಕಳ್ಳನಿಗೇ ಚಪ್ಪಾಳೆ

ಮೈಸೂರು ಸೀಮೆಯ ನಾಟಕ ಕಂಪನಿಗಳ ಯಜಮಾನರು ಹೆಚ್ಚಾಗಿ ರಾಜಪಾರ್ಟಿನವರೇ. ಎ.ವಿ. ವರದಾಚಾರ್ಯರು ಹಿರಣ್ಯಕಶಿಪುವಾಗಿ ಹೆಸರಾದರು, ಮಹಮದ್ ಪೀರ್ ಷಹಜಹಾನನಾಗಿ, ಸುಬ್ಬಯ್ಯ ನಾಯ್ಡು ‘ಭೂಕೈಲಾಸ’ದ ರಾವಣನಾಗಿ. ಕಂಪನಿ ಯಾರದೋ ಕಿರೀಟವೂ ಅವರದೇ ಎಂಬುದು ಆ ಕಾಲದ ಲೆಕ್ಕ. ಗುಬ್ಬಿ ವೀರಣ್ಣನವರು ಮಾತ್ರ ಈ ಲೆಕ್ಕವನ್ನು ತಿರುವಿ ಹಾಕಿದರು. ನೂರಾರು ಜನರಿಗೆ ಅನ್ನ ಹಾಕುತ್ತಿದ್ದ ಯಜಮಾನರು ‘ಸದಾರಮೆ’ಯಲ್ಲಿ ಕಟ್ಟಿಕೊಂಡದ್ದು ಕಳ್ಳನ ವೇಷ. ಸಂಬಳಕ್ಕಿದ್ದ ನಟ ರಾಜಕುಮಾರನಾಗಿ ಮಿಂಚುತ್ತಿದ್ದ, ಜನ ಕಾಯುತ್ತಿದ್ದದ್ದು ಮಾತ್ರ ಕಳ್ಳ ಬರುವ ಸೀನಿಗೆ.

ಗುಬ್ಬಿ ಕಂಪನಿಯ ಬಗ್ಗೆ ಬರೆಯುವವರು ಅದರ ವೈಭವದಿಂದ ಶುರುಮಾಡುತ್ತಾರೆ: ರಂಗದ ಮೇಲೆ ಆನೆ ಬಂತು, ಕುದುರೆ ಓಡಿತು, ರಥ ಹರಿಯಿತು. ಅದೆಲ್ಲ ನಿಜವೇ. ಆದರೆ ಅದು ಬೇರಿನಿಂದ ತುದಿಯವರೆಗೂ ಒಬ್ಬ ಹಾಸ್ಯಗಾರನ ಕಂಪನಿಯಾಗಿತ್ತು ಎಂಬುದನ್ನು ಬಿಟ್ಟರೆ ಅದರ ದೀರ್ಘಾಯುಸ್ಸಿನ ಗುಟ್ಟು ಸಿಕ್ಕುವುದಿಲ್ಲ ಎಂದು ನನಗನ್ನಿಸುತ್ತದೆ.

ಹಾಸ್ಯಗಾರ ಎಲ್ಲಿಂದ ಬಂದ ಎಂದು ಹುಡುಕಿದರೆ ಕಂಪನಿಗಿಂತ ಹಿಂದಕ್ಕೆ, ಗುಬ್ಬಿ ಇರುವ ತುಮಕೂರು ಜಿಲ್ಲೆಯ ಊರ ಮುಂದಿನ ಬಯಲಿಗೆ ಹೋಗಬೇಕಾಗುತ್ತದೆ. ಇದು ಮೂಡಲಪಾಯದ ಸೀಮೆ. ಸುಗ್ಗಿ ಮುಗಿದ ಮೇಲೆ ಅಟ್ಟ ಕಟ್ಟಿ, ರಾತ್ರಿಯಿಡೀ ಆಡಿ, ಬೆಳಗಿನ ಜಾವ ಮಂಗಳ ಹಾಡುವ ಆಟ. ಕಿರೀಟ, ಭುಜಕೀರ್ತಿ ಕಟ್ಟಿದ ರಾಜ ಅಟ್ಟ ಅದುರುವಂತೆ ಕುಣಿದು ಬಂದು ನಿಂತರೆ, ಅವನನ್ನು ‘ತಾವ್ಯಾರು, ಎಲ್ಲಿಂದ ಬಂದಿರಿ’ ಎಂದು ವಿಚಾರಿಸುವವನು ಸಾರಥಿ. ಅವನ ಜೊತೆಗೊಬ್ಬ ಕೋಡಂಗಿ. ರಾಜ ಗ್ರಂಥದ ಭಾಷೆಯಲ್ಲಿ ಗರ್ಜಿಸುತ್ತಾನೆ, ಕೋಡಂಗಿ ಅದನ್ನೇ ಊರ ಭಾಷೆಗೆ ಇಳಿಸಿ ಜನರ ಕಡೆ ತಿರುಗುತ್ತಾನೆ. ರಾಜನ ಪ್ರತಾಪ ಅವನ ಬಾಯಲ್ಲಿ ಪಟೇಲರ ದರ್ಬಾರಾಗುತ್ತದೆ. ಭಾರತ ರಾಮಾಯಣಗಳು ಹಳ್ಳಿಯವರ ಎದೆಗೆ ಇಳಿದದ್ದರಲ್ಲಿ ಭಾಗವತನ ಪಾಲಿನಷ್ಟೇ ಈ ಕೋಡಂಗಿಯ ಪಾಲೂ ಇದೆ.

ಹರಿಕಥೆ, ಶಿವಕಥೆಗಳ ಜಾಡೂ ಇದರ ಪಕ್ಕದಲ್ಲೇ ಇತ್ತು. ಕಥಾಕೀರ್ತನದಲ್ಲಿ ನಾಡಿಗೇ ಹೆಸರಾಗಿ, 1956ರಿಂದ 1964ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರೂ ಆಗಿದ್ದ ಬಿ. ಶಿವಮೂರ್ತಿ ಶಾಸ್ತ್ರಿಗಳು ತುಮಕೂರಿನವರು. ಕೀರ್ತನಕಾರನಿಗೆ ವೇಷವಿಲ್ಲ, ಪರದೆಯಿಲ್ಲ. ಕಾಲಿಗೆ ಗೆಜ್ಜೆ, ಕೈಯಲ್ಲಿ ಚಿಟಿಕೆ, ಹಿಂದೆ ಹಾರ್ಮೋನಿಯಂ ಮತ್ತು ಮದ್ದಳೆಯೋ ತಬಲವೋ. ಒಬ್ಬನೇ ನಿಂತು ಹತ್ತು ಪಾತ್ರ ಆಗಬೇಕು. ಕಥೆ ಬಿಗಿಯಾಯಿತು, ಜನ ಆಕಳಿಸಿದರು ಎನ್ನುವಾಗ ಉಪಕಥೆ ತೆಗೆಯುತ್ತಾನೆ. ಜಿಪುಣ ಶೆಟ್ಟಿ, ಕಿವುಡ ಅತ್ತೆ, ದಡ್ಡ ಶಿಷ್ಯ ಎಲ್ಲ ಬಂದುಹೋಗುವುದು ಅಲ್ಲಿ. ಮನೆಗೆ ಹೋದ ಮೇಲೆ ಜನ ಮುಖ್ಯ ಕಥೆ ಮರೆತು ಉಪಕಥೆ ಹೇಳಿಕೊಂಡು ನಗುತ್ತಿದ್ದರೆ ಅದು ಕೀರ್ತನಕಾರನ ಸೋಲೇನಲ್ಲ.

ಇದೇ ಜಿಲ್ಲೆಯ ಕುಣಿಗಲ್ಲಿನ ಕೊಡುಗೆ ಬೇರೆ ಬಗೆಯದು. ಅಲ್ಲಿನ ದೊಡ್ಡಕೆರೆಯ ಮೇಲಿನ ಜನಪದ ಗೀತೆಯನ್ನು ಕೇಳದ ಕನ್ನಡಿಗರು ಕಡಿಮೆ. ಕೆರೆ ತುಂಬಿದ ಚೆಂದ, ಅದರ ಮೇಲೆ ಮೂಡಿಬರುವ ಚಂದ್ರ, ಇಷ್ಟನ್ನೇ ಇಟ್ಟುಕೊಂಡು ಹಾಡಿದವರು ಒಂದು ಊರನ್ನು ನಾಡಿನ ಬಾಯಲ್ಲಿ ಉಳಿಸಿದರು. ಹೀಗೆ ಕಥೆಯನ್ನು ಹಾಡಾಗಿ, ಹಾಡನ್ನು ಕಥೆಯಾಗಿ ಕೇಳಿ ಬೆಳೆದ ಕಿವಿಗಳೇ ಮುಂದೆ ನಾಟಕದ ಟಿಕೆಟ್ಟು ಕೊಂಡವು. ಹೊಸ ಮನರಂಜನೆ ಬಂತೆಂದು ಅವರು ಬೆರಗಾಗಿರಬಹುದು. ಆದರೆ ಒಳಗಿನ ತಿರುಳು ಅವರಿಗೆ ಗೊತ್ತಿದ್ದದ್ದೇ.

1880ರ ದಶಕದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಮರಾಠಿ ಮತ್ತು ಪಾರ್ಸಿ ನಾಟಕ ಮಂಡಳಿಗಳ ರುಚಿ ಹತ್ತಿದ ಮೈಸೂರು ಅರಮನೆ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ತನ್ನದೇ ನಾಟಕ ಸಭೆ ಕಟ್ಟಿತು, ಬಸವಪ್ಪ ಶಾಸ್ತ್ರಿಗಳ ಕನ್ನಡ ‘ಶಾಕುಂತಲ’ ಅಲ್ಲಿ ರಂಗಕ್ಕೇರಿತು. ಅದೇ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿನ ಕಡೆಗೆ ರೈಲು ಬಂತು. ಅರಮನೆಯ ನಾಟಕಕ್ಕೆ ರೈಲು ಬೇಕಿರಲಿಲ್ಲ. ಗುಬ್ಬಿಯಂಥ ಊರಿನವರಿಗೆ ಬೇಕಿತ್ತು. ಪರದೆ, ಪೆಟಾರಿ, ವೇಷದ ಟ್ರಂಕು, ಪಾತ್ರೆಪಡಗ, ಮಕ್ಕಳುಮರಿ ಸಮೇತ ಊರಿಂದೂರಿಗೆ ಮೊಕ್ಕಾಂ ಬದಲಿಸಬೇಕೆಂದರೆ ಬರೀ ಎತ್ತಿನ ಗಾಡಿ ನಂಬಿದರೆ ನಡೆಯುವುದಿಲ್ಲ. ಕುಣಿಗಲ್ಲಿಗೆ ಆ ಭಾಗ್ಯ ಇರಲಿಲ್ಲ. ಬೆಂಗಳೂರು–ಹಾಸನ ಹಳಿ ಪೂರ್ತಿಯಾಗಿ ಆ ಊರಿನ ಮೂಲಕ ರೈಲು ಓಡಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ನಾಟಕ ಕಂಪನಿಗಳ ವೈಭವದ ಕಾಲವೇ ಮುಗಿದಿತ್ತು!

ಗುಬ್ಬಿ ಆಗಲೂ ಸಂತೆಯ ಊರು, ತೆಂಗು ಅಡಿಕೆಯ ವ್ಯಾಪಾರದ ಊರು. ದುಡ್ಡು ಓಡಾಡುವ ಕಡೆ ಆಟಪಾಟಕ್ಕೆ ಜನ ಸಿಗುತ್ತಾರೆ. 1884ರಲ್ಲಿ ಊರಿನ ಉತ್ಸಾಹಿಗಳು ಕೂಡಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಕಟ್ಟಿದರು. ಗುಬ್ಬಿ ಕಂಪನಿಯೆಂದರೆ ಇದೇ. ಮುಂದೆ ನಿಂತವರಲ್ಲಿ ಚಂದಣ್ಣನವರ ಜೊತೆ ಅಬ್ದುಲ್ ಅಜೀಜ್ ಸಾಹೇಬರ ಹೆಸರೂ ಇದೆ. ಶರಣರ ಹೆಸರಿನ ಸಂಘದಲ್ಲಿ ಸಾಹೇಬರು ಏನು ಮಾಡುತ್ತಿದ್ದರು ಎಂದು ಆ ಕಾಲದ ಗುಬ್ಬಿಯಲ್ಲಿ ಯಾರೂ ಕೇಳಿದಂತಿಲ್ಲ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ಇದೇ ಗುಬ್ಬಿಯಲ್ಲಿ. ಇನ್ನೂ ಅಕ್ಷರ ಕಲಿಯುವ ವಯಸ್ಸಿಗೇ ಕಂಪನಿ ಸೇರಿದರು. ಬಾಲಕನ ಪಾತ್ರ, ಸ್ತ್ರೀಪಾತ್ರ, ಚಿಲ್ಲರೆ ಪಾತ್ರ ಎಲ್ಲ ಮಾಡಿ, ಹಾಸ್ಯದಲ್ಲಿ ಕಾಲೂರಿ, 1917ರ ಹೊತ್ತಿಗೆ ಕಂಪನಿಯ ಯಜಮಾನಿಕೆಗೆ ಬಂದರು. ಮೈಸೂರು ಮಹಾರಾಜರಿಂದ ‘ನಾಟಕರತ್ನ’ ಬಿರುದು ಬಂತು. ಬಿರುದು ಬಂದ ಮೇಲಾದರೂ ರಾಜಪಾರ್ಟಿಗೆ ಹತ್ತಬಹುದಿತ್ತು. ಹತ್ತಲಿಲ್ಲ.

‘ಸದಾರಮೆ’ ಬರೆದವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಬೆಳ್ಳಾವೆ ತುಮಕೂರು ತಾಲ್ಲೂಕಿನ ಊರು. ‘ಕೃಷ್ಣಲೀಲಾ’ದಂಥ ಪೌರಾಣಿಕಗಳನ್ನೂ ಕಂಪನಿಗೆ ಬರೆದುಕೊಟ್ಟ ಶಾಸ್ತ್ರಿಗಳು ಮುಂದೆ 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೂ ಮಾತು, ಹಾಡು ಬರೆದರು. ಕನ್ನಡ ಟಾಕಿ ಮೊದಲು ಬಾಯಿ ಬಿಟ್ಟಾಗ ಆಡಿದ್ದು ತುಮಕೂರಿನವರ ಮಾತು ಎಂದು ಜಿಲ್ಲೆಯವರು ಎದೆಯುಬ್ಬಿಸಬಹುದು.

‘ಸದಾರಮೆ’ಯ ಕಥೆ ಹಳೆಯ ಅಜ್ಜಿಕಥೆಯಂಥದ್ದು. ರಾಜಕುಮಾರನೊಬ್ಬ ಶೆಟ್ಟಿಯ ಮಗಳು ಸದಾರಮೆಗೆ ಮನಸೋಲುತ್ತಾನೆ. ದುರಾಸೆಯ ಮಾವನಿಗೆ ರಾಜ್ಯವನ್ನೇ ತೆತ್ತು ಮದುವೆಯಾಗುತ್ತಾನೆ. ಆಮೇಲೆ ಗಂಡಹೆಂಡಿರು ಬೀದಿಗೆ ಬೀಳುತ್ತಾರೆ, ಅಗಲುತ್ತಾರೆ. ಅವಳು ಒಬ್ಬೊಬ್ಬರಿಂದಲೂ ತಪ್ಪಿಸಿಕೊಂಡು, ಗಂಡುವೇಷ ಹಾಕಿ, ಕೊನೆಗೆ ಎಲ್ಲ ಸರಿಮಾಡುತ್ತಾಳೆ. ಇದರಲ್ಲಿ ಶೆಟ್ಟಿಯ ಪೆದ್ದುಮಗ ಆದಿಮೂರ್ತಿ ಒಬ್ಬ, ಕಾಡಿನಲ್ಲಿ ಸದಾರಮೆಯನ್ನು ಹೊತ್ತುಕೊಂಡು ಹೋಗುವ ಕಳ್ಳ ಇನ್ನೊಬ್ಬ. ಕಥೆಯ ದೃಷ್ಟಿಯಿಂದ ಕಳ್ಳನಿಗೆ ಇರುವ ಕೆಲಸ ಒಂದೇ: ಸದಾರಮೆಯನ್ನು ಹೆದರಿಸಿ, ಕೊನೆಗೆ ಅವಳ ಜಾಣತನಕ್ಕೆ ಏಮಾರುವುದು. ಬೇರೆಯವರ ಕೈಯಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಸೀನು.

ವೀರಣ್ಣನವರ ಕೈಯಲ್ಲಿ ಅದು ನಾಟಕದ ನಡುಮನೆಯಾಯಿತು. ಈ ಕಳ್ಳ ಕ್ರೂರಿಯೂ ಹೌದು, ಪೆಂಗನೂ ಹೌದು. ಹೆಣ್ಣನ್ನು ಹೊತ್ತು ತಂದವನೇ ಅವಳ ಮುಂದೆ ಮದುಮಗನ ಹಾಗೆ ನಾಚುತ್ತಾನೆ. ತನ್ನ ಕಸುಬಿನ ಬಗ್ಗೆ ಅವನಿಗೆ ಹೆಮ್ಮೆ. ಅವಳ ಒಂದು ಸಿಹಿಮಾತಿಗೆ ಕರಗಿಯೂ ಹೋಗುತ್ತಾನೆ. ಸಭೆಗೆ ಅವನು ಏಮಾರುವುದು ಮುಂಚೆಯೇ ಗೊತ್ತು, ಅವನೊಬ್ಬನಿಗೇ ಗೊತ್ತಿಲ್ಲ. ಪೌರಾಣಿಕದಲ್ಲಿ ನಟ ಒಂದು ಶಬ್ದ ತಪ್ಪಿದರೆ ಪಂಡಿತರು ಹುಬ್ಬೇರಿಸುತ್ತಿದ್ದರು. ಕಳ್ಳನಿಗೆ ಆ ಭಯವಿಲ್ಲ. ಅವನ ಬಾಯಲ್ಲಿ ಹುಟ್ಟೂರಿನ ಆಡುಮಾತು ಸಲೀಸಾಗಿ ಬರಬಹುದು, ಮೊಕ್ಕಾಂ ಮಾಡಿದ ಊರಿನ ಸುದ್ದಿಯೂ ಹಾಯಬಹುದು. ಇವನು ಯಾರು? ಮೂಡಲಪಾಯದ ಕೋಡಂಗಿಯೇ. ಅಟ್ಟ ಬಿಟ್ಟು ಬಣ್ಣದ ಪರದೆಯ ಮುಂದೆ ಬಂದಿದ್ದಾನೆ ಅಷ್ಟೇ.

ಕಂಪನಿ ಥಿಯೇಟರಿನ ಒಳಗನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಬೇಕು. ಬಯಲಿನಲ್ಲಿ ಗಳ ನೆಟ್ಟು, ತಗಡು ಹೊದಿಸಿದ ಕೊಟ್ಟಿಗೆ. ನೆಲ, ಬೆಂಚು, ಕುರ್ಚಿ ಎಂದು ಬೇರೆ ಬೇರೆ ಕ್ಲಾಸು. ಮೂರನೇ ಬೆಲ್ಲಿಗೆ ನಾಂದಿ, ಉರುಳುಪರದೆ ಮೇಲಕ್ಕೆ. ರಂಗದ ಬುಡದಲ್ಲಿ ಕಾಲು ಹಾರ್ಮೋನಿಯಂ ಮುಂದೆ ಮೇಷ್ಟ್ರು, ಪಕ್ಕದಲ್ಲಿ ತಬಲ. ಮೇಷ್ಟ್ರು ಶ್ರುತಿ ಕೊಟ್ಟರೆ ನಟ ಹಾಡಬೇಕು, ಮೈಕಿಲ್ಲದ ಕಾಲದಲ್ಲಿ ಕೊನೆಯ ಬೆಂಚಿಗೆ ಮುಟ್ಟಿಸಬೇಕು. ಕರ್ನಾಟಕ ಸಂಗೀತದ ರಾಗವೂ ಆದೀತು, ಮರಾಠಿ ನಾಟ್ಯಗೀತದ ಮಟ್ಟೂ ಪಾರ್ಸಿ ಧಾಟಿಯೂ ಆದೀತು. ಹಾಡು ಹಿಡಿಸಿದರೆ ‘ಒನ್ಸ್ ಮೋರ್’. ಕಥೆಯಲ್ಲಿ ಸತ್ತು ಬಿದ್ದವನೂ ಎದ್ದು ಕೈಮುಗಿದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು. ಹೊಸಕಾಲದ ವಿಮರ್ಶಕರು ಇದನ್ನು ಕಂಡು ತಲೆ ಚಚ್ಚಿಕೊಂಡರು. ನನಗೇನೋ ಇದು ಸಭೆಗೂ ರಂಗಕ್ಕೂ ಇದ್ದ ಸಲಿಗೆಯಾಗಿ ಕಾಣುತ್ತದೆ. ಆ ಸಲಿಗೆ ಇಲ್ಲದಿದ್ದರೆ ಹಾಸ್ಯಗಾರ ನಿಲ್ಲುವುದಕ್ಕೆ ಜಾಗವೇ ಇರುತ್ತಿರಲಿಲ್ಲ.

ಇದೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ಇಂಥದೇ ಮಂದಿ ತಲೆಯೆತ್ತುತ್ತಿದ್ದರು. ಅಮೆರಿಕದ ಟೆನೆಸಿ ರಾಜ್ಯದಲ್ಲಿ ಡೇವಿಡ್ ಮೇಕನ್ ಎಂಬುವನು ಹೇಸರಗತ್ತೆಯ ಗಾಡಿಗಳಲ್ಲಿ ಸರಕು ಸಾಗಿಸುತ್ತಿದ್ದ. ಲಾರಿಗಳು ಬಂದು ಆ ಕಸುಬು ಮುಳುಗಿತು. ಐವತ್ತರ ಆಸುಪಾಸಿನಲ್ಲಿ ಬ್ಯಾಂಜೋ ಹಿಡಿದು ‘ಅಂಕಲ್ ಡೇವ್’ ಆದ. ಬ್ಯಾಂಜೋವನ್ನು ತಿರುಗಿಸಿ, ಎಸೆದು ಹಿಡಿದು, ನಡುವೆ ಕಾಲು ಬಡಿದು, ಹಾಡಿಗಿಂತ ಉದ್ದದ ಪೀಠಿಕೆ ಹೇಳಿ ನಗಿಸುತ್ತಿದ್ದ. ನ್ಯಾಶ್‌ವಿಲ್ ಊರಿನ ರೇಡಿಯೊದಲ್ಲಿ 1925ರಲ್ಲಿ ಶುರುವಾಗಿ ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎನಿಸಿಕೊಂಡ ಕಾರ್ಯಕ್ರಮದ ಮೊದಲ ದೊಡ್ಡ ಹೆಸರು ಅವನದೇ. 1940ರಲ್ಲಿ ಅದೇ ವೇದಿಕೆಗೆ ಬಂದ ಮಿನ್ನಿ ಪರ್ಲ್ ಕಥೆ ನಮಗೆ ಇನ್ನೂ ಹತ್ತಿರದ್ದು. ನಿಜವಾದ ಹೆಸರು ಸಾರಾ ಕಾಲಿ, ನಾಟಕ ಓದಿದ ಅನುಕೂಲಸ್ಥರ ಮನೆಯ ಹೆಣ್ಣುಮಗಳು. ಸಣ್ಣಪುಟ್ಟ ಊರುಗಳಿಗೆ ಹೋಗಿ ಅಲ್ಲಿನವರಿಂದ ನಾಟಕ ಆಡಿಸುವ ಕೆಲಸದಲ್ಲಿದ್ದಾಗ ಕಂಡ ಹಳ್ಳಿಯ ಹೆಂಗಸೊಬ್ಬಳ ಮಾತಿನ ವರಸೆಯಿಂದ ಈ ಪಾತ್ರವನ್ನು ಕಟ್ಟಿದಳು. ಬೆಲೆಚೀಟಿ ಕೀಳದೆ ತಲೆಗಿಟ್ಟುಕೊಂಡ ಹ್ಯಾಟು ಅವಳ ಗುರುತು. ಚೀಟಿಯ ಮೇಲೆ ಒಂದು ಡಾಲರ್ ತೊಂಬತ್ತೆಂಟು ಸೆಂಟ್.

ಗುಬ್ಬಿಗೂ ನ್ಯಾಶ್‌ವಿಲ್ಲಿಗೂ ನಂಟು ಕಟ್ಟಲು ಇದನ್ನು ಹೇಳುತ್ತಿಲ್ಲ. ಅವರಿಗೆ ಇವರು ಗೊತ್ತಿಲ್ಲ, ಇವರಿಗೆ ಅವರು ಗೊತ್ತಿಲ್ಲ. ಆದರೆ ಪೇಟೆ ದೊಡ್ಡದಾಗಿ ಹಳ್ಳಿಯವನು ತನ್ನನ್ನು ತಾನೇ ಸಣ್ಣವನೆಂದು ಭಾವಿಸತೊಡಗಿದಾಗ, ಹಳ್ಳಿಯ ಮಾತಿನಲ್ಲೇ ಪೇಟೆಯನ್ನು ನಗಿಸಿ ದುಡ್ಡೆಣಿಸಿದವರು ಎರಡು ಕಡೆಯೂ ಇದ್ದರು. ಅಲ್ಲಿ ರೇಡಿಯೊ ಅವರನ್ನು ಮನೆಮನೆಗೆ ಒಯ್ದಿತು. ಇಲ್ಲಿ ರೈಲಿನ ವ್ಯಾಗನ್ನು ಇವರನ್ನು ಊರೂರಿಗೆ ಒಯ್ದಿತು. ನಮ್ಮವರು ಪ್ರತಿ ರಾತ್ರಿ ಪ್ರೇಕ್ಷಕರ ಮುಖ ನೋಡಿಯೇ ನಗಿಸಬೇಕಿತ್ತು.

ವ್ಯಾಪಾರದಲ್ಲಿ ವೀರಣ್ಣನವರು ಹಾಸ್ಯಗಾರರಾಗಿರಲಿಲ್ಲ. ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತಂದರು. ಗಂಡಸರೇ ಸೀರೆಯುಟ್ಟು ಹೆಸರು ಮಾಡಿದ್ದ ಕಾಲದಲ್ಲಿ ಇದಕ್ಕೆ ಗುಂಡಿಗೆ ಬೇಕಿತ್ತು. ಸುಂದರಮ್ಮ, ಬಿ. ಜಯಮ್ಮ ಕಂಪನಿಯ ತಾರೆಯರಾದರು. ಇಬ್ಬರೂ ವೀರಣ್ಣನವರ ಪತ್ನಿಯರೇ. ಜಯಮ್ಮನವರ ಕಂಠ ಕಂಪನಿಗೆ ಒಂದು ಆಸ್ತಿಯಾಗಿತ್ತು. ಮಕ್ಕಳದೇ ಪ್ರತ್ಯೇಕ ತಂಡವೂ ಇತ್ತು. ತೆಲುಗು, ತಮಿಳು ಸೀಮೆಗಳಿಗೂ ಮೊಕ್ಕಾಂ ಹೋಯಿತು. 1930ರ ದಶಕದಲ್ಲಿ ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ನಿಜವಾದ ಆನೆ, ಕುದುರೆ, ರಥಗಳೊಂದಿಗೆ ಆಡಿದಾಗ ನೋಡಲು ಜನ ಮುಗಿಬಿದ್ದರು. ಅದರ ಬಗ್ಗೆ ಸಾಕಷ್ಟು ಬರೆದಾಗಿದೆ. ಒಂದು ಮಾತು ಮಾತ್ರ ಸೇರಿಸುತ್ತೇನೆ: ಆನೆ ನೋಡಲು ಬಂದವರು ಒಮ್ಮೆ ಬರುತ್ತಾರೆ, ಕಳ್ಳನನ್ನು ನೋಡಲು ಬಂದವರು ಮತ್ತೆ ಮತ್ತೆ ಬರುತ್ತಾರೆ.

ಸಿನಿಮಾಗೂ ಕೈಹಾಕಿದರು. ಮೂಕಿಚಿತ್ರಗಳ ಕಾಲದಲ್ಲಿ ‘ಹಿಸ್ ಲವ್ ಅಫೇರ್’, ‘ಹರಿಮಾಯಾ’ ತೆಗೆದರು. ಮಾತಿನ ಮಲ್ಲನಿಗೆ ಬಾಯಿಲ್ಲದ ಚಿತ್ರ ಏನು ದಕ್ಕೀತು? 1935ರಲ್ಲಿ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ ‘ಸದಾರಮೆ’ ಟಾಕಿಯಾಯಿತು. ವೀರಣ್ಣನವರ ಜೊತೆ ನಟಿಸಿದ ಕೆ. ಅಶ್ವತ್ಥಮ್ಮ ಎರಡೇ ವರ್ಷದಲ್ಲಿ ತಮಿಳಿನ ‘ಚಿಂತಾಮಣಿ’ಯಲ್ಲಿ ತ್ಯಾಗರಾಜ ಭಾಗವತರ ಎದುರು ನಾಯಕಿಯಾದರು. 1941ರಲ್ಲಿ ‘ಸುಭದ್ರಾ’, ಮರುವರ್ಷ ‘ಜೀವನ ನಾಟಕ’, ಆಮೇಲೆ ‘ಹೇಮರೆಡ್ಡಿ ಮಲ್ಲಮ್ಮ’. ನಾಟಕದಲ್ಲಿ ಗಳಿಸಿದ್ದು ಸಿನಿಮಾದಲ್ಲಿ ಕರಗುವುದು, ಮತ್ತೆ ನಾಟಕದಲ್ಲಿ ದುಡಿದು ತುಂಬುವುದು, ಆ ಪೀಳಿಗೆಯ ಕಂಪನಿ ಯಜಮಾನರ ಹಣೆಬರಹವೇ ಇದಾಗಿತ್ತು.

1954ರ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಗುಬ್ಬಿಯ ಹೆಸರಿದೆ. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ನಾಯಕ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ್, ಅಂದರೆ ರಾಜ್‌ಕುಮಾರ್. ಅಪ್ಪ ಮಗ ಇಬ್ಬರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಇಲ್ಲಿಂದ ಕನ್ನಡ ಸಿನಿಮಾಗೆ ವರನಟ ಸಿಕ್ಕ ಎಂದು ಎಲ್ಲರೂ ಹೇಳುತ್ತಾರೆ. ಅದೇ ಚಿತ್ರದಲ್ಲಿ ತಿಪಟೂರಿನ ಹುಡುಗನೊಬ್ಬನೂ ಇದ್ದ, ನರಸಿಂಹರಾಜು. 1923ರಲ್ಲಿ ಹುಟ್ಟಿ ಚಿಕ್ಕಂದಿನಿಂದ ಕಂಪನಿಗಳಲ್ಲಿ ಬಣ್ಣ ಹಚ್ಚಿದವರು. ಸಣಕಲು ಮೈ, ಹಲ್ಲು ಮುಂದಾದ ಮುಖ, ಪುಕ್ಕಲು ನಡಿಗೆ. ಮುಂದಿನ ಎರಡು ದಶಕ ನರಸಿಂಹರಾಜು ಇಲ್ಲದ ಚಿತ್ರಕ್ಕೆ ಹಂಚಿಕೆದಾರರು ಮೂಗು ಮುರಿಯುತ್ತಿದ್ದರು ಎಂಬ ಮಾತಿದೆ. ಜೊತೆಗೆ ಕಿವಿ ಸರಿಯಾಗಿ ಕೇಳದಿದ್ದರೂ ಎದುರಿನವರ ತುಟಿ ನೋಡಿಯೇ ಸಂಭಾಷಣೆಯ ಲಯ ಹಿಡಿಯುತ್ತಿದ್ದ ಬಾಲಕೃಷ್ಣ, ಬರೆಯುವುದಕ್ಕೂ ನಟಿಸುವುದಕ್ಕೂ ಸೈ ಎನಿಸಿದ ಜಿ.ವಿ. ಅಯ್ಯರ್. ಎಲ್ಲರೂ ಕಂಪನಿ ನಾಟಕದ ಗರಡಿಯವರು. ರಾಜ್‌ಕುಮಾರ್ ಪೌರಾಣಿಕ ವೇಷದಲ್ಲಿ ನಿಂತಾಗ ಪಕ್ಕದಲ್ಲಿ ನರಸಿಂಹರಾಜು ಹಲ್ಲುಬಿಡುವುದನ್ನು ನೋಡಿದರೆ ರಾಜನೂ ಕೋಡಂಗಿಯೂ ಅಟ್ಟದಿಂದ ನೇರವಾಗಿ ಬೆಳ್ಳಿತೆರೆಗೆ ಬಂದಂತಿದೆ.

ಸಭೆಯ ಜೊತೆ ನೇರವಾಗಿ ಮಾತಿಗಿಳಿಯುವ ಚಾಳಿಯನ್ನು ತುದಿಮುಟ್ಟಿಸಿದವರು ಮಾಸ್ಟರ್ ಹಿರಣ್ಣಯ್ಯ. ಅವರು ಗುಬ್ಬಿಯವರಲ್ಲ, ತಂದೆ ಕೆ. ಹಿರಣ್ಣಯ್ಯನವರ ಮಿತ್ರಮಂಡಳಿಯನ್ನು ಮುಂದುವರಿಸಿದವರು. ಅವರ ‘ಲಂಚಾವತಾರ’ ನಾಟಕದಲ್ಲಿ ಕಥೆ ಒಂದು ನೆಪ. ಅಂದಿನ ಪತ್ರಿಕೆಯ ಸುದ್ದಿ ಅಂದಿನ ರಾತ್ರಿಯೇ ಸಂಭಾಷಣೆಯಾಗುತ್ತಿತ್ತು. ಮಂತ್ರಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರೆ ಇನ್ನೂ ಹುರುಪು. ವೀರಣ್ಣನವರ ಕಳ್ಳ ಇಷ್ಟು ದೂರ ಹೋಗಲಿಲ್ಲ. ಅವನ ಹಾಸ್ಯದಲ್ಲಿ ಮುಳ್ಳಿಗಿಂತ ತಿಳಿ ಹೆಚ್ಚು. ಮಹಾರಾಜರ ಕಾಲದ ಹಾಸ್ಯಕ್ಕೂ ಮತಪೆಟ್ಟಿಗೆಯ ಕಾಲದ ಹಾಸ್ಯಕ್ಕೂ ಇರುವ ಅಂತರ ಇದು.

ಐವತ್ತರ ದಶಕ ದಾಟುತ್ತ ಕಂಪನಿಗಳು ಸೊರಗಿದವು. ಊರೂರಿಗೂ ಟೂರಿಂಗ್ ಟಾಕೀಸು ಬಂತು. ಕಂಪನಿಯ ನಟರನ್ನೇ ಕಡಿಮೆ ಟಿಕೆಟ್ಟಿಗೆ ಪರದೆಯ ಮೇಲೆ ನೋಡಬಹುದೆಂದಾಗ ತಗಡಿನ ಕೊಟ್ಟಿಗೆಗೆ ಯಾರು ಬರುತ್ತಾರೆ? ವೀರಣ್ಣನವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ. ‘ಕಲೆಯೇ ಕಾಯಕ’ ಎಂಬ ಆತ್ಮಕಥೆಯೂ ಬಂತು. ಅದೇ 1972ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ, ವೃತ್ತಿರಂಗಭೂಮಿಯವರಿಗೆ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಗೂ ಅವರದೇ ಹೆಸರು.

ಕಂಪನಿ ಮುಚ್ಚಿದರೂ ಅದರ ಹಾಡು ಬೇರೆ ದಾರಿ ಹಿಡಿಯಿತು. ದಕ್ಷಿಣ ಕನ್ನಡದ ಮಂಚಿ ಕಡೆಯಿಂದ ಮನೆಬಿಟ್ಟು ಓಡಿಬಂದು ಕಂಪನಿ ಸೇರಿದ್ದ ಹುಡುಗನೊಬ್ಬನನ್ನು ವೀರಣ್ಣನವರು ಓದಲೆಂದು ಬನಾರಸಿಗೆ ಕಳಿಸಿದ್ದರು. ಆ ಹುಡುಗ ಬಿ.ವಿ. ಕಾರಂತ. ಯಜಮಾನರು ತೀರಿಕೊಂಡ ವರ್ಷವೇ ಕಾರಂತರು ಬೆಂಗಳೂರಿನ ಬಯಲಲ್ಲಿ ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’, ‘ಈಡಿಪಸ್’ ಆಡಿಸಿದರು. ಕಂಪನಿಯ ಹಾಡುಗಾರಿಕೆಯನ್ನು ಹಳೆಯ ಸರಕೆಂದು ಪಕ್ಕಕ್ಕಿಟ್ಟಿದ್ದ ಹವ್ಯಾಸಿ ರಂಗದವರ ನಡುವೆ ಹಾರ್ಮೋನಿಯಂ ಮತ್ತೆ ರಂಗದ ಪಕ್ಕಕ್ಕೆ ಬಂದು ಕೂತಿತು. ವೀರಣ್ಣನವರ ಮಗಳು ಮಾಲತಮ್ಮನವರ ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದಿಂದ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು. ಮೊಮ್ಮಗಳೆಂದರೆ ಸದಾರಮೆಯ ಪಾತ್ರ ಎಂದು ಎಣಿಸಿಕೊಂಡು ಬಂದವರ ಮುಂದೆ ಜಯಶ್ರೀ ಕಾಣಿಸಿಕೊಂಡದ್ದು ಕಳ್ಳನಾಗಿ.